ಇಳಿದ ಅಂಕಗಳ ಲೆಕ್ಕಾಚಾರ

ನೀಟ್ ಪರೀಕ್ಷೆಗೆ ಐದಾರು ವಾರಗಳಿರುವಾಗ ಅನೇಕ ಮನೆಗಳಲ್ಲಿ ಒಂದೇ ಬಗೆಯ ಕಳವಳ ತಲೆದೋರುತ್ತದೆ. ಓದು ಹೆಚ್ಚಿದೆ, ನಿದ್ದೆ ತಗ್ಗಿದೆ. ಆದರೆ ಅಭ್ಯಾಸ ಪರೀಕ್ಷೆಯ ಅಂಕ ವಾರದಿಂದ ವಾರಕ್ಕೆ ಇಳಿಯುತ್ತಿದೆ. ಜನವರಿಯಲ್ಲಿ 460 ಇದ್ದದ್ದು ಮಾರ್ಚ್ ಕೊನೆಗೆ 415 ಆಯಿತೆನ್ನೋಣ. ಮಗು ತನ್ನ ಬುದ್ಧಿಯನ್ನು ಶಂಕಿಸುತ್ತದೆ, ತಂದೆತಾಯಂದಿರು ಮೊಬೈಲನ್ನು ಶಂಕಿಸುತ್ತಾರೆ. ಉತ್ತರಪತ್ರಿಕೆಯನ್ನು ಬಿಡಿಸಿ ನೋಡುವವರು ವಿರಳ.

ನೋಡಿದರೆ ತಿಳಿಯುವುದು ಇಷ್ಟು. ಪತ್ರಿಕೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಸರಿಯಾಗಬಹುದಾಗಿದ್ದ ಒಂದು ಉತ್ತರ ತಪ್ಪಾದರೆ ನಷ್ಟ 5 ಅಂಕ. ಹಾಗಾದರೆ ಮನೆಯ ನೆಮ್ಮದಿ ಕೆಡಿಸಿದ ಆ 45 ಅಂಕಗಳು ಒಂಬತ್ತೇ ಒಂಬತ್ತು ಉತ್ತರಗಳು. ಅಲ್ಲದೆ ಜನವರಿಯ ಪರೀಕ್ಷೆ ಬಹುತೇಕ ಕಡೆ ಕೆಲವೇ ಅಧ್ಯಾಯಗಳದ್ದು, ಮಾರ್ಚಿನದು ಎರಡು ವರ್ಷಗಳ ಪೂರ್ಣ ಪಠ್ಯದ್ದು. ನಿಜವಾದ ನೀಟ್‌ನಲ್ಲೂ ಪತ್ರಿಕೆಯ ಕಾಠಿಣ್ಯ ಒಂದೇ ಸಮನಿರುವುದಿಲ್ಲ: 2024ರಲ್ಲಿ ಗರಿಷ್ಠ ಅಂಕ 720 ಆಗಿದ್ದರೆ 2025ರಲ್ಲಿ 686, ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಅದೇ ಪತ್ರಿಕೆ ಬರೆದ ಇತರರ ನಡುವೆ ತನ್ನ ಸ್ಥಾನವೆಲ್ಲಿ ಎಂಬುದನ್ನು ವಿದ್ಯಾರ್ಥಿ ಮೊದಲು ವಿಚಾರಿಸಬೇಕು.

ಅನಂತರದ ಕೆಲಸ ತಪ್ಪುಗಳ ವಿಂಗಡಣೆ. ಪಾಠವೇ ತಿಳಿಯದೆ ತಪ್ಪಿದ್ದು, ತಿಳಿದೂ ತಪ್ಪಿದ್ದು, ಕೊನೆಯ ಹತ್ತು ನಿಮಿಷದ ಗಡಿಬಿಡಿಯಲ್ಲಿ ಕಣ್ಣುಮುಚ್ಚಿ ಗುರುತಿಸಿದ್ದು. ಮೊದಲನೆಯದಕ್ಕೆ ಓದು ಬೇಕು. ಮೂರನೆಯದಕ್ಕೆ ಸಮಯದ ಹಂಚಿಕೆ ಬೇಕು. ಭೌತಶಾಸ್ತ್ರದ 45 ಪ್ರಶ್ನೆಗಳಲ್ಲಿ ಸಿಲುಕಿ ಜೀವಶಾಸ್ತ್ರದ 90ಕ್ಕೆ ಸಮಯ ಸಾಲದಾಗುವುದು ಹಳೆಯ ಕಥೆ. ಎರಡನೆಯದನ್ನು ಇನ್ನಷ್ಟು ಓದಿ ಸರಿಪಡಿಸಲು ಹೊರಟರೆ ದಣಿವು ಹೆಚ್ಚುತ್ತದೆ, ತಪ್ಪುಗಳೂ ಹೆಚ್ಚುತ್ತವೆ.

ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಈ ಎರಡನೆಯ ಬಗೆಗೆ ಭಾಷೆಯೂ ಕಾರಣವಾಗುವುದುಂಟು. ಹತ್ತನೆಯ ತರಗತಿಯವರೆಗೆ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಎಂದು ಕಲಿತವರು ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ಓದುತ್ತಾರೆ. ಪಾರಿಭಾಷಿಕ ಪದಗಳು ಬೇಗ ರೂಢಿಯಾಗುತ್ತವೆ. ಎಡವಿಸುವುದು ವಾಕ್ಯಗಳು: ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ ಎಂಬ ನಿಷೇಧಾರ್ಥಕ ಪ್ರಶ್ನೆ, ಎರಡು ಹೇಳಿಕೆಗಳನ್ನು ತೂಗಿನೋಡಬೇಕಾದ ಉದ್ದನೆಯ ಪ್ರಶ್ನೆ. ಅವಸರದಲ್ಲಿ ಆ ‘ಅಲ್ಲ’ ಕಣ್ತಪ್ಪಿದರೆ 5 ಅಂಕ ಹೋಯಿತು. ಆ ಪದದ ಸುತ್ತ ಪೆನ್ನಿನಿಂದ ಒಂದು ವೃತ್ತ ಎಳೆಯುವ ಅಭ್ಯಾಸ ಅದನ್ನು ಉಳಿಸಬಲ್ಲುದು.

ನೀಟ್ ಪತ್ರಿಕೆ 13 ಭಾಷೆಗಳಲ್ಲಿ ಬರುತ್ತದೆ, ಕನ್ನಡವೂ ಅವುಗಳಲ್ಲೊಂದು. ಆದರೆ ಕನ್ನಡ ಪತ್ರಿಕೆಯನ್ನು ಒದಗಿಸುತ್ತಿರುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಮಗು ಅರ್ಜಿ ತುಂಬುವಾಗಲೇ ಮಂಗಳೂರನ್ನೋ, ಅಕ್ಕಲಕೋಟೆಯ ಮಗು ಕಲಬುರಗಿಯನ್ನೋ ಕೇಂದ್ರವಾಗಿ ಆರಿಸಬೇಕು. (ಸಂವಿಧಾನದ 350ಎ ವಿಧಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ, ಪ್ರವೇಶ ಪರೀಕ್ಷೆಯ ಬಾಗಿಲವರೆಗೆ ಅದು ಜೊತೆಗೆ ಬರುವುದಿಲ್ಲ.) ಹಾಗೆ ಆರಿಸಿದವರ ಕೈಗೆ ಬರುವುದು ಕನ್ನಡ–ಇಂಗ್ಲಿಷ್ ದ್ವಿಭಾಷಾ ಪತ್ರಿಕೆ, ಅನುವಾದದಲ್ಲಿ ಸಂದೇಹ ತಲೆದೋರಿದರೆ ಇಂಗ್ಲಿಷ್ ಪಾಠವೇ ಅಂತಿಮ. ಆದುದರಿಂದ ಕನ್ನಡ ಆರಿಸಿದವರು ಎರಡು ಭಾಷೆಗಳನ್ನೂ ಒಟ್ಟಿಗೆ ಓದುವ ರೂಢಿಯನ್ನು, ಇಂಗ್ಲಿಷ್ ಆರಿಸಿದವರು ಇಂಗ್ಲಿಷಿನಲ್ಲೇ ವೇಗವಾಗಿ ಓದುವ ರೂಢಿಯನ್ನು ಮಾಡಿಕೊಳ್ಳಬೇಕು. ಅಂಕ ಇಳಿದ ಭಯದಲ್ಲಿ ಕೊನೆಯ ತಿಂಗಳು ಭಾಷೆಯನ್ನೋ ಪುಸ್ತಕಗಳನ್ನೋ ಬದಲಿಸುವುದು ನಡುಹೊಳೆಯಲ್ಲಿ ದೋಣಿ ಬದಲಿಸಿದಂತೆ.

ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ. ರಾತ್ರಿ ಒಂದರವರೆಗೆ ಓದಿ, ಊಟದ ನಂತರ ತೂಕಡಿಸುವ ಶರೀರಕ್ಕೆ ಅದು ಅತಿ ಕಷ್ಟದ ಹೊತ್ತು. ಪೂರ್ಣ ಪತ್ರಿಕೆಯ ಅಭ್ಯಾಸವನ್ನು ಅದೇ ಹೊತ್ತಿಗೆ, ವಾರಕ್ಕೆ ಎರಡರಂತೆ ಬರೆದು, ಮರುದಿನವನ್ನು ತಪ್ಪುಗಳ ಪರಿಶೀಲನೆಗೇ ಮೀಸಲಿಡುವುದು ದಿನಕ್ಕೊಂದು ಪತ್ರಿಕೆ ಬರೆಯುವುದಕ್ಕಿಂತ ಮೇಲು. ಹಿರಿಯರು ಬಂದೊಡನೆ ಎಷ್ಟು ಬಂತೆಂದು ಕೇಳುವುದನ್ನು ಊಟವಾಗುವ ತನಕವಾದರೂ ತಡೆದುಕೊಳ್ಳಲಿ. ಊಟ ಬಿಟ್ಟ, ಮಾತು ಬಿಟ್ಟ, ಬದುಕೇ ಬೇಡವೆಂಬ ಮಾತಾಡಿದ ಮಗುವಿನ ವಿಷಯದಲ್ಲಿ ಮಾತ್ರ ಈ ಲೆಕ್ಕಾಚಾರಗಳಿಗೆ ಸ್ಥಾನವಿಲ್ಲ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.