ಜಾಲಪುಟದಲ್ಲಿ ದತ್ತಸಂಚಯ ದಾಖಲೆಗಳ ಕಂಬಸಾಲು ಜೋಡಣೆ

ಕಂಬಸಾಲು ಜೋಡಣೆ ಎಂದರೆ ದತ್ತಸಂಚಯ ಅಥವಾ ಡೇಟಾಬೇಸ್‌ನಿಂದ ಪಡೆದ ದಾಖಲೆಗಳನ್ನು ಜಾಲಪುಟದಲ್ಲಿ ಅಡ್ಡಸಾಲು ಮತ್ತು ಕಂಬಸಾಲುಗಳಾಗಿ ಹೊಂದಿಸಿ ತೋರಿಸುವ ಕ್ರಮ. ಪರೀಕ್ಷಾ ಫಲಿತಾಂಶ, ಗ್ರಂಥಾಲಯದ ಪುಸ್ತಕಪಟ್ಟಿ, ರೈಲುಗಳ ವೇಳಾಪಟ್ಟಿ, ಮಾರುಕಟ್ಟೆ ಧಾರಣೆ ಮೊದಲಾದವು ಸಾಮಾನ್ಯವಾಗಿ ಈ ರೂಪದಲ್ಲಿರುತ್ತವೆ. ಕೋಷ್ಟಕದಲ್ಲಿ ಒಂದು ಮೌಲ್ಯದ ಅರ್ಥವು ಅದರ ಸ್ಥಾನದಿಂದಲೇ ತಿಳಿಯುತ್ತದೆ. ಆದ್ದರಿಂದ ಜೋಡಣೆ ತಪ್ಪಿದರೆ ಸರಿಯಾದ ದತ್ತಾಂಶವೂ ತಪ್ಪು ಮಾಹಿತಿಯಾಗುತ್ತದೆ.

ಇತಿಹಾಸ

ಸಂಬಂಧಾತ್ಮಕ ದತ್ತಸಂಚಯದ ಮಾದರಿಯನ್ನು ಎಡ್ಗರ್ ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಈ ಮಾದರಿಯಲ್ಲಿ ದಾಖಲೆಗಳಿಗೆ ನಿಶ್ಚಿತ ಅನುಕ್ರಮವಿಲ್ಲ. ಪ್ರದರ್ಶನದ ರೂಪವೂ ಇಲ್ಲ. ಅವೆರಡನ್ನೂ ದತ್ತಾಂಶವನ್ನು ಬಳಸುವ ತಂತ್ರಾಂಶವೇ ಒದಗಿಸಬೇಕು.

1995ರ ಎಚ್‌ಟಿಎಂಎಲ್ 2.0 ಆವೃತ್ತಿಯಲ್ಲಿ ಕೋಷ್ಟಕದ ವ್ಯವಸ್ಥೆ ಇರಲಿಲ್ಲ. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 3.2 ಅದನ್ನು ಒಳಗೊಂಡಿತು. ವಿನ್ಯಾಸಕಾರರು ಇಡೀ ಪುಟದ ವಿನ್ಯಾಸಕ್ಕೂ ಕೋಷ್ಟಕವನ್ನು ಬಳಸುತ್ತಿದ್ದರು. ಸಿಎಸ್‌ಎಸ್ ಬೆಳೆದಂತೆ ಈ ಪದ್ಧತಿ ಹಿಂದೆ ಸರಿಯಿತು. 2017ರಲ್ಲಿ ಪ್ರಮುಖ ಬ್ರೌಸರ್‌ಗಳು ಸಿಎಸ್‌ಎಸ್ ಗ್ರಿಡ್ ವಿಧಾನವನ್ನು ಅಳವಡಿಸಿಕೊಂಡವು. ದತ್ತಾಂಶಕ್ಕೆ ಕೋಷ್ಟಕ, ವಿನ್ಯಾಸಕ್ಕೆ ಸಿಎಸ್‌ಎಸ್ ಎಂಬುದು ಈಗಿನ ರೂಢಿ.

ಕೋಷ್ಟಕದ ರಚನೆ

ಸರ್ವರ್‌ನಲ್ಲಿರುವ ತಂತ್ರಾಂಶವು ಎಸ್‌ಕ್ಯೂಎಲ್ ಪ್ರಶ್ನೆಯ ಮೂಲಕ ದಾಖಲೆಗಳನ್ನು ಪಡೆಯುತ್ತದೆ. ಪ್ರಶ್ನೆಯಲ್ಲಿ 'ಆರ್ಡರ್ ಬೈ' ಎಂಬ ಸೂಚನೆ ಇಲ್ಲದಿದ್ದರೆ ದಾಖಲೆಗಳು ಪ್ರತಿ ಬಾರಿಯೂ ಒಂದೇ ಅನುಕ್ರಮದಲ್ಲಿ ಬರುವ ಖಾತರಿಯಿಲ್ಲ. ಬಂದ ಪ್ರತಿಯೊಂದು ದಾಖಲೆಗೂ ಒಂದು 'ಟಿಆರ್' ಅಡ್ಡಸಾಲು, ಪ್ರತಿಯೊಂದು ಮೌಲ್ಯಕ್ಕೂ ಒಂದು 'ಟಿಡಿ' ಕೋಶ, ಕಂಬಸಾಲಿನ ಶೀರ್ಷಿಕೆಗೆ 'ಟಿಎಚ್' ಕೋಶ ರಚಿಸಲ್ಪಡುತ್ತದೆ. ಕೋಶಗಳಲ್ಲಿನ ಅತಿ ಉದ್ದದ ಪಠ್ಯವನ್ನು ಗಮನಿಸಿ ಬ್ರೌಸರ್ ಕಂಬಸಾಲಿನ ಅಗಲವನ್ನು ತಾನೇ ನಿರ್ಧರಿಸುತ್ತದೆ.

ಖಾಲಿ ಮೌಲ್ಯಗಳು

ದಾಖಲೆಯಲ್ಲಿ ಮೌಲ್ಯವಿಲ್ಲದಿದ್ದರೂ ಅದರ ಕೋಶವನ್ನು ರಚಿಸಲೇಬೇಕು. ಉದಾಹರಣೆಗೆ, ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಎಂಬ ನಾಲ್ಕು ಕಂಬಸಾಲುಗಳ ಅಂಕಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿ ಗಣಿತ ಪರೀಕ್ಷೆಗೆ ಗೈರುಹಾಜರಾಗಿದ್ದಾನೆ ಎಂದಿಟ್ಟುಕೊಳ್ಳೋಣ. ಖಾಲಿ ಕೋಶವನ್ನು ಬಿಟ್ಟುಬಿಟ್ಟರೆ ವಿಜ್ಞಾನದಲ್ಲಿ ಪಡೆದ 72 ಅಂಕಗಳು ಎಡಕ್ಕೆ ಸರಿದು ಗಣಿತದ ಕೆಳಗೆ ನಿಲ್ಲುತ್ತವೆ. ದತ್ತಸಂಚಯದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಓದುಗನಿಗೆ ಅವನು ಗಣಿತದಲ್ಲಿ ತೇರ್ಗಡೆಯಾಗಿ ವಿಜ್ಞಾನಕ್ಕೆ ಗೈರಾದಂತೆ ಕಾಣುತ್ತದೆ. ಖಾಲಿ ಮೌಲ್ಯದ ಬದಲಿಗೆ 0 ಎಂದು ತೋರಿಸುವುದೂ ಸರಿಯಲ್ಲ. ಪರೀಕ್ಷೆ ಬರೆದು ಸೊನ್ನೆ ಪಡೆಯುವುದು ಮತ್ತು ಪರೀಕ್ಷೆಗೆ ಬಾರದಿರುವುದು ಬೇರೆ ಬೇರೆ ಸಂಗತಿಗಳು.

ಒಂದೇ ಪಟ್ಟಿಯ ಬಹು ಕಂಬಸಾಲುಗಳು

ಹೆಸರುಗಳ ಉದ್ದನೆಯ ಪಟ್ಟಿಯನ್ನು ಸ್ಥಳಾವಕಾಶಕ್ಕಾಗಿ ಹಲವು ಕಂಬಸಾಲುಗಳಾಗಿ ಒಡೆಯುವುದುಂಟು. ಇಲ್ಲಿ ಕಂಬಸಾಲಿಗೆ ಪ್ರತ್ಯೇಕ ಅರ್ಥವಿಲ್ಲದ ಕಾರಣ ಕೋಷ್ಟಕದ ಅಗತ್ಯವಿಲ್ಲ. ಹೆಸರುಗಳನ್ನು ಎಡದಿಂದ ಬಲಕ್ಕೆ ತುಂಬಬಹುದು ಅಥವಾ ಮೇಲಿನಿಂದ ಕೆಳಕ್ಕೆ ತುಂಬಬಹುದು. ಅಕಾರಾದಿ ಪಟ್ಟಿಗೆ ಎರಡನೆಯ ಕ್ರಮವು ಹುಡುಕಲು ಅನುಕೂಲಕರ.

ಕರ್ನಾಟಕದ 31 ಜಿಲ್ಲೆಗಳ ಹೆಸರುಗಳನ್ನು ಮೂರು ಕಂಬಸಾಲುಗಳಲ್ಲಿ ಮೇಲಿನಿಂದ ಕೆಳಕ್ಕೆ ತೋರಿಸಬೇಕಾದರೆ, 31ನ್ನು 3ರಿಂದ ಭಾಗಿಸಿ ಮುಂದಿನ ಪೂರ್ಣಾಂಕಕ್ಕೆ ಏರಿಸಿದಾಗ 11 ಅಡ್ಡಸಾಲುಗಳು ದೊರೆಯುತ್ತವೆ. ಮೊದಲ ಅಡ್ಡಸಾಲಿನಲ್ಲಿ 1, 12 ಮತ್ತು 23ನೆಯ ಹೆಸರುಗಳು ಬರುತ್ತವೆ. ಕೊನೆಯ ಕಂಬಸಾಲಿನಲ್ಲಿ 9 ಹೆಸರುಗಳು ಮಾತ್ರ ಉಳಿಯುತ್ತವೆ. ಸಿಎಸ್‌ಎಸ್‌ನ 'ಕಾಲಮ್ ಕೌಂಟ್' ಗುಣಲಕ್ಷಣವು ಇಂತಹ ಹಂಚಿಕೆಯನ್ನು ತಾನಾಗಿಯೇ ಮಾಡುತ್ತದೆ. ಗ್ರಿಡ್ ವಿಧಾನವು ಬೇರೆ ಸೂಚನೆ ಇಲ್ಲದಿದ್ದಲ್ಲಿ ಎಡದಿಂದ ಬಲಕ್ಕೆ ತುಂಬುತ್ತದೆ.

ಸಂಖ್ಯೆ ಮತ್ತು ಪಠ್ಯ

ಕನ್ನಡದಂತಹ ಎಡದಿಂದ ಬಲಕ್ಕೆ ಬರೆಯುವ ಲಿಪಿಗಳಲ್ಲಿ ಪಠ್ಯವನ್ನು ಎಡಕ್ಕೂ ಸಂಖ್ಯೆಗಳನ್ನು ಬಲಕ್ಕೂ ಹೊಂದಿಸುವುದು ವಾಡಿಕೆ. ಬಲಕ್ಕೆ ಹೊಂದಿಸಿದಾಗ ಬಿಡಿ, ಹತ್ತು, ನೂರರ ಸ್ಥಾನಗಳು ಒಂದರ ಕೆಳಗೊಂದು ನಿಂತು 9,800 ಹಾಗೂ 98,000ದ ನಡುವಿನ ವ್ಯತ್ಯಾಸ ನೋಟಕ್ಕೇ ತಿಳಿಯುತ್ತದೆ. ದಶಮಾಂಶ ಸಂಖ್ಯೆಗಳಿದ್ದಲ್ಲಿ ಬಿಂದುವಿನ ನಂತರದ ಅಂಕಿಗಳ ಎಣಿಕೆ ಎಲ್ಲ ಸಾಲುಗಳಲ್ಲೂ ಸಮನಾಗಿರಬೇಕು. ದೂರವಾಣಿ ಸಂಖ್ಯೆ, ಪಿನ್‌ಕೋಡ್‌ಗಳು ಲೆಕ್ಕಕ್ಕೆ ಬಳಕೆಯಾಗದ ಕಾರಣ ಅವನ್ನು ಪಠ್ಯವೆಂದೇ ಪರಿಗಣಿಸಲಾಗುತ್ತದೆ.

ಕನ್ನಡ ಲಿಪಿಯ ವಿಶೇಷತೆ

ಸಮಾನ ಅಗಲದ ಇಂಗ್ಲಿಷ್ ಅಕ್ಷರಶೈಲಿಗಳಲ್ಲಿ ಖಾಲಿ ಜಾಗಗಳನ್ನು ಸೇರಿಸಿ ಕಂಬಸಾಲುಗಳನ್ನು ಹೊಂದಿಸಲು ಸಾಧ್ಯ. ಕನ್ನಡದಲ್ಲಿ ಈ ಉಪಾಯ ಫಲಿಸುವುದಿಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರವು ಯೂನಿಕೋಡ್‌ನಲ್ಲಿ ಆರು ಸಂಕೇತಗಳಾಗಿ ಸಂಗ್ರಹವಾಗುತ್ತದೆ. ಆದುದರಿಂದ ಸಂಕೇತಗಳ ಎಣಿಕೆಗೂ ಪರದೆಯ ಮೇಲಿನ ಅಗಲಕ್ಕೂ ತಾಳೆಯಾಗುವುದಿಲ್ಲ. ಕನ್ನಡ ದಾಖಲೆಗಳಿಗೆ ಕೋಷ್ಟಕ ಅಥವಾ ಸಿಎಸ್‌ಎಸ್ ಜೋಡಣೆಯೇ ಭರವಸೆಯ ಮಾರ್ಗ.

ಸುರಕ್ಷತೆ ಮತ್ತು ಸರ್ವಸುಲಭತೆ

ದಾಖಲೆಯ ಪಠ್ಯದಲ್ಲಿ ಎಚ್‌ಟಿಎಂಎಲ್ ಗುರುತುಗಳಿದ್ದರೆ ಕೋಷ್ಟಕವು ಒಡೆಯಬಹುದು, ಹಾನಿಕಾರಕ ಸಂಕೇತವೂ ಓದುಗನ ಬ್ರೌಸರ್‌ನಲ್ಲಿ ಚಾಲನೆಗೊಳ್ಳಬಹುದು. ಆದ್ದರಿಂದ ಅಂತಹ ಚಿಹ್ನೆಗಳನ್ನು ಸಾಮಾನ್ಯ ಪಠ್ಯವಾಗಿ ಪರಿವರ್ತಿಸಿದ ನಂತರವೇ ಪುಟಕ್ಕೆ ಸೇರಿಸಬೇಕು.

ದೃಷ್ಟಿದೋಷವುಳ್ಳವರು ಬಳಸುವ ತೆರೆವಾಚಕ ತಂತ್ರಾಂಶವು ಪ್ರತಿ ಕೋಶದೊಂದಿಗೆ ಅದರ ಶೀರ್ಷಿಕೆಯನ್ನೂ ಓದಿ ಹೇಳಬಲ್ಲದು. ಶೀರ್ಷಿಕೆಗಳನ್ನು 'ಟಿಎಚ್' ಎಂದು ಗುರುತಿಸದೆ ಕೇವಲ ದಪ್ಪ ಅಕ್ಷರಗಳಲ್ಲಿ ತೋರಿಸಿದರೆ, ಕೇಳುಗರಿಗೆ 72 ಎಂಬ ಸಂಖ್ಯೆ ಕೇಳಿಸುತ್ತದೆಯೇ ಹೊರತು ಅದು ಯಾವ ವಿಷಯದ ಅಂಕವೆಂದು ತಿಳಿಯುವುದಿಲ್ಲ.