ಒಬ್ಬೊಬ್ಬರಿಗೆ ಒಂದೊಂದು ಕಲ್ಲು

ದೆಹಲಿಗೆ ಹೋದ ನಮ್ಮವರು ಇಂಡಿಯಾ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಆದರೆ ಅದರ ಗೋಡೆಗಳನ್ನು ಓದಿ ಬಂದವರು ವಿರಳ. 1931ರಲ್ಲಿ ಉದ್ಘಾಟನೆಯಾದ, 42 ಮೀಟರ್ ಎತ್ತರದ ಆ ಕಮಾನಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲವೂ ಮೊದಲ ಮಹಾಯುದ್ಧದಲ್ಲಿ ಮತ್ತು 1919ರ ಆಫ್ಘನ್ ಯುದ್ಧದಲ್ಲಿ, ಬ್ರಿಟಿಷರ ಸೈನ್ಯದಲ್ಲಿದ್ದು ಮಡಿದವರವು.

ಸ್ವತಂತ್ರ ಭಾರತಕ್ಕಾಗಿ ಪ್ರಾಣ ಕೊಟ್ಟವರ ಹೆಸರುಗಳೆಲ್ಲಿ? 1972ರ ಜನವರಿ 26ರಂದು ಅದೇ ಕಮಾನಿನ ಕೆಳಗೆ ಅಮರ ಜವಾನ್ ಜ್ಯೋತಿ ಬೆಳಗಿತು. ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೊಂದು ಶಿರಸ್ತ್ರಾಣ. ಹೆಸರು ಮಾತ್ರ ಇರಲಿಲ್ಲ. ಅದಕ್ಕಾಗಿ 2019ರ ಫೆಬ್ರವರಿ 25ರವರೆಗೆ ಕಾಯಬೇಕಾಯಿತು. ಅಂದು ಸಮೀಪದಲ್ಲೇ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. ತಡವಾಯಿತೆಂದೇ ಹೇಳಬೇಕು. 2022ರ ಜನವರಿಯಲ್ಲಿ ಹಳೆಯ ಜ್ಯೋತಿಯನ್ನೂ ಅಲ್ಲಿಯ ಜ್ಯೋತಿಯಲ್ಲಿ ಸೇರಿಸಲಾಯಿತು.

ಸ್ಮಾರಕದಲ್ಲಿ ಒಂದರ ಸುತ್ತ ಒಂದರಂತೆ ನಾಲ್ಕು ಚಕ್ರಗಳಿವೆ. ತ್ಯಾಗಚಕ್ರದಲ್ಲಿ ನಿಧಾನವಾಗಿ ನಡೆಯಿರಿ. 1947–48ರ ಕಾಶ್ಮೀರ, 1961ರ ಗೋವಾ, 1962ರ ಚೀನಾ ಯುದ್ಧ, ಪಾಕಿಸ್ತಾನದೊಡನೆ 1965 ಮತ್ತು 1971ರ ಯುದ್ಧಗಳು, ಶ್ರೀಲಂಕಾ, ಸಿಯಾಚಿನ್, 1999ರ ಕಾರ್ಗಿಲ್... ಒಟ್ಟು 25,000ಕ್ಕೂ ಹೆಚ್ಚು ಹೆಸರುಗಳು. ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಅದರ ಮೇಲೆ ಹೆಸರು, ಹುದ್ದೆ, ದಳ. ಊರ ಬದಿಯ ವೀರಗಲ್ಲನ್ನು ಕಂಡು ಬೆಳೆದ ನಮಗೆ ಇದರ ಅರ್ಥ ಬೇರೆಯವರು ಹೇಳಬೇಕಾಗಿಲ್ಲ.

ಸಂಜೆಯ ಹೊತ್ತು ಹೋಗುವುದು ಲೇಸು. ಆಗ ಹುತಾತ್ಮರೊಬ್ಬರ ಮನೆಯವರು ಬಂದು ಪುಷ್ಪಚಕ್ರ ಅರ್ಪಿಸುವ ಪದ್ಧತಿಯುಂಟು. 1962ರ ಹಿಮದಲ್ಲಿ ಬಿದ್ದ ಎಷ್ಟೋ ಮಂದಿಯ ದೇಹ ಮನೆಗೆ ಬರಲೇ ಇಲ್ಲ. ಅಂಥವರ ಮಕ್ಕಳಿಗೆ ಕೈಯಿಟ್ಟು ಮುಟ್ಟಲು ಈ ಕಲ್ಲಾದರೂ ಇದೆ.

ಪ್ರವೇಶಕ್ಕೆ ಶುಲ್ಕವಿಲ್ಲ. ಜೊತೆಗೆ ಮಕ್ಕಳಿದ್ದರೆ ನಾಲ್ಕು ಹೆಸರುಗಳನ್ನಾದರೂ ಓದಿಸಿರಿ.