ನಿಮಗಿದು ಗೊತ್ತೆ? ಏಟು ತಿಂದವರ ಚಿಕಿತ್ಸೆಗೆ ಸರ್ಕಾರದ ಹಣ

ಚಿತ್ರಹಿಂಸೆಗೆ ಒಳಗಾದವರ ಚೇತರಿಕೆಗೆಂದೇ ಮೀಸಲಾದ ಕೇಂದ್ರ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಹೆಚ್ಚು ಪರಿಚಿತವಲ್ಲ. ಆದರೆ ಕಾನೂನಿನಲ್ಲಿ ದಾರಿಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಪ್ರಕಾರ, ಅಪರಾಧದಿಂದ ನೊಂದವರ ಪರಿಹಾರ, ಪುನರ್ವಸತಿಗೆ ರಾಜ್ಯ ಸರ್ಕಾರ ನಿಧಿ ಒದಗಿಸಬೇಕು. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಬೀದರ್‌ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ 2 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಅರ್ಜಿ ಬರೆಯಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಕೇಳಬಹುದು.

ತುರ್ತು ಚಿಕಿತ್ಸೆ ಉಚಿತವಾಗಿ ಸಿಗಲು ಠಾಣಾಧಿಕಾರಿಯ ಪ್ರಮಾಣಪತ್ರ ಬೇಕು. ಹೊಡೆದದ್ದು ಠಾಣೆಯಲ್ಲೇ ಆದರೆ? ಮ್ಯಾಜಿಸ್ಟ್ರೇಟರೂ ಕೊಡಬಹುದು, ಸದ್ಯ! ಮನಸ್ಸಿನ ಗಾಯಕ್ಕೆ 'ಮನೋಚೈತನ್ಯ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ.

ಪರಿಹಾರಕ್ಕೆ ಹಿಂದಿನ ಉದಾಹರಣೆಯೂ ಇದೆ. ಕಾಡುಗಳ್ಳ ವೀರಪ್ಪನ್ ಶೋಧದ ವೇಳೆ ವಿಶೇಷ ಕಾರ್ಯಪಡೆಯ ದೌರ್ಜನ್ಯಕ್ಕೆ ಸಿಕ್ಕ 89 ಮಂದಿಗೆ ₹2.80 ಕೋಟಿ ಪರಿಹಾರ ನೀಡುವಂತೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಶಿಫಾರಸು ಮಾಡಿತ್ತು.

ಚಿತ್ರಹಿಂಸೆಗೆ ಒಳಗಾದವರಿಗಾಗಿ ವಿಶ್ವಸಂಸ್ಥೆಯ ನಿಧಿಯೂ 1981ರಿಂದಲೇ ಇದೆ. ಅದು ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು ಕೊಡುವ ಸಂಸ್ಥೆಗಳಿಗೆ ಅನುದಾನ ನೀಡುತ್ತದೆ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದರೂ ಅದನ್ನು ಇನ್ನೂ ಅನುಮೋದಿಸಿಲ್ಲ.